ನೈನ್ ಮೈಲ್ ನೀರು

ನಾನು ಸಣ್ಣಗಿದ್ದೇನೆ. ಐದಡಿಗೆ ಒಂದಿಂಚು ಕಡಿಮೆ, ತೂಕ ನಲವತ್ತಮೂರು ಕೆ.ಜಿ. ಗದುಗಿನ ಪೌರಕಾರ್ಮಿಕರ ಓಣಿಯಲ್ಲಿ ಹುಟ್ಟಿದವರು ಹೆಚ್ಚಾಗಿ ಹೀಗೇ ಇರುತ್ತಾರೆ. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದೆ. ಮೆಲ್ಬರ್ನ್‌ಗೆ ಬಂದು ಇನ್ನೊಂದು ಮಾಸ್ಟರ್ಸ್ ಮಾಡಿದೆ. ಎರಡು ಸರ್ಟಿಫಿಕೇಟುಗಳೂ ಫೈಲಿನಲ್ಲಿದ್ದವು. ಆದರೆ ಕಂಪನಿ ನನ್ನನ್ನು ತೆಗೆದುಕೊಂಡದ್ದು ಮೈಯಳತೆ ನೋಡಿ.

ಕಂಪನಿಯ ಹೆಸರು ಬೇಡ. ಅದರಲ್ಲಿ ಶುದ್ಧ ಎಂಬ ಅರ್ಥದ ಪದವೊಂದಿತ್ತು ಎಂದರೆ ಸಾಕು. ಒಳನಾಡಿನ ಸಣ್ಣ ಸಣ್ಣ ಊರುಗಳಿಗೆ ಕುಡಿಯುವ ನೀರು ಕೊಡುವ ಗುತ್ತಿಗೆ ಅದರದು. ಹೆಡ್ ಆಫೀಸು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ, ಹನ್ನೊಂದನೇ ಮಹಡಿ, ಸುತ್ತ ಗಾಜು. ವರ್ಕ್‌ಶಾಪು ಮೆಲ್ಬರ್ನ್‌ನ ಪಶ್ಚಿಮದಲ್ಲಿ, ತಗಡಿನ ಶೆಡ್ಡು. ನೀರಿನ ಬಗ್ಗೆ ಮಾತಾಡುವವರು ಅಲ್ಲಿ. ನೀರಿನ ಹೊಲಸು ತೆಗೆಯುವವರು ಇಲ್ಲಿ.

ನನ್ನ ಇಂಟರ್ವ್ಯೂ ಮಾಡಿದವರು ಸತ್ಯನಾರಾಯಣ. ಬೆಂಗಳೂರಿನವರು, ಆಪರೇಷನ್ಸ್ ಮ್ಯಾನೇಜರ್, ಸಿಡ್ನಿಯಲ್ಲಿ ಕನ್ನಡದ ಕೆಲಸಕ್ಕೆಲ್ಲ ಮುಂದೆ ನಿಲ್ಲುವವರು. ಹೆಸರು ನೋಡಿದೊಡನೆ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದರು. ನನಗೆ ಖುಷಿಯೇ ಆಯಿತು. ಅದು ಎರಡು ನಿಮಿಷ ಇತ್ತು.

"ಗದಗ್‌ನಲ್ಲಿ ಎಲ್ಲಿ?"

"ಬೆಟಗೇರಿ ಕಡೆರಿ ಸರ್."

"ತಂದೆ ಏನ್ ಮಾಡ್ತಿದ್ರು?"

"ಮುನಿಸಿಪಾಲ್ಟಿಯೊಳಗ ಇದ್ರು."

"ಯಾವ ಸೆಕ್ಷನ್?"

ಕೆಮಿಸ್ಟ್ರಿಯ ಪ್ರಶ್ನೆ ಒಂದೂ ಬಂದಿರಲಿಲ್ಲ. ಅವರು ಹುಡುಕುತ್ತಿದ್ದದ್ದು ಬೇರೆ. ಕೊಟ್ಟುಬಿಟ್ಟೆ.

"ಒಳಚರಂಡಿರಿ ಸರ್. ಮ್ಯಾನ್‌ಹೋಲ್‌ನ್ಯಾಗ ಇಳೀತಿದ್ರು."

"ಓ, ಗುಡ್, ಗುಡ್. ಹಾಗಾದ್ರೆ ಹಾರ್ಡ್ ವರ್ಕ್ ಅಭ್ಯಾಸ ಇರುತ್ತೆ," ಎಂದರು. ಮುಖದಲ್ಲಿ ಸಮಾಧಾನ. ಆಮೇಲೆ ಎತ್ತರ ಎಷ್ಟು ಎಂದು ಕೇಳಿದರು.

ವೀಸಾದ ಕಾಗದದಲ್ಲಿ ನಾನು ಕೆಮಿಸ್ಟ್. ಶೆಡ್ಡಿನಲ್ಲಿ ನಾನು ಟ್ಯಾಂಕಿನೊಳಗೆ ಇಳಿಯುವವಳು. ನೀರು ಸೋಸುವ ಉಕ್ಕಿನ ಟ್ಯಾಂಕುಗಳು ಊರೂರಿಂದ ರಿಪೇರಿಗೆ ಬರುತ್ತಿದ್ದವು. ಎರಡಾಳು ಎತ್ತರ. ಪಕ್ಕದಲ್ಲಿ ಒಂದೂಕಾಲು ಅಡಿ ಅಗಲದ ಬಾಯಿ. ಅದಕ್ಕೂ ಇಲ್ಲಿ ಮ್ಯಾನ್‌ಹೋಲ್ ಎಂದೇ ಹೆಸರು. ಶೆಡ್ಡಿನ ದಪ್ಪ ಗಂಡಸರ ಭುಜ ಅದರಲ್ಲಿ ತೂರುತ್ತಿರಲಿಲ್ಲ. ನನ್ನದು ತೂರುತ್ತಿತ್ತು. ಅಪ್ಪ ಮೂರನೇ ಇಯತ್ತೆ ಓದಿ ಇಳಿದಿದ್ದ. ನಾನು ಎರಡು ಮಾಸ್ಟರ್ಸ್ ಓದಿ ಇಳಿದೆ.

ನೈನ್ ಮೈಲ್ ಎಂಬ ಊರಿನ ಟ್ಯಾಂಕು ಬಂದದ್ದು ೨೦೧೬ರ ಮಾರ್ಚ್‌ನಲ್ಲಿ. ಮುನ್ನೂರು ಜನರ ಊರು, ಎಲ್ಲರೂ ಈ ನೆಲದ ಮೂಲನಿವಾಸಿಗಳು. ಒಂದು ಬೋರ್‌ವೆಲ್, ಒಂದು ಟ್ಯಾಂಕು. ಹನ್ನೆರಡು ವರ್ಷದಿಂದ ಅದೇ ನೀರು ಕುಡಿಯುತ್ತಿದ್ದರು. ಟ್ಯಾಂಕಿನ ಒಳಮೈಗೆ ನೀರಿನ ಸುಣ್ಣ ಹೆಕ್ಕಳೆ ಕಟ್ಟಿತ್ತು. ಮೇಲೆ ಕಂದು, ಒಳಗೆ ಬಿಳಿ, ಎರಡು ಬೆರಳು ದಪ್ಪ, ಕಲ್ಲಿನಂತೆ ಗಟ್ಟಿ.

ಅದನ್ನು ಒಡೆದು ತೆಗೆಯಬೇಕು. ಮಂಡಿಯೂರಿ ಕೂತು ಉಳಿ ಸುತ್ತಿಗೆ ಹಿಡಿದು ಒಡೆದೆ. ಉಕ್ಕಿನೊಳಗೆ ಸುತ್ತಿಗೆಯ ಏಟು ತಲೆಬುರುಡೆಯೊಳಗೆ ಹೊಡೆದಂತೆ ಕೇಳುತ್ತದೆ. ಕೊಟ್ಟದ್ದು ಕಾಗದದ ಮಾಸ್ಕು. ಹತ್ತು ನಿಮಿಷಕ್ಕೆ ಬೆವರಲ್ಲಿ ಒದ್ದೆಯಾಗಿ ಮೂಗಿಗೆ ಅಂಟುತ್ತಿತ್ತು. ಎಳೆದು ಕೆಳಗೆ ಮಾಡಿದರೆ ಧೂಳು. ಹಲ್ಲು ಕಡಿದರೆ ಕರಕರ. ಉಗುಳಿದರೆ ಕಂದು. ರೆಪ್ಪೆಯಲ್ಲಿ, ಕಿವಿಯಲ್ಲಿ, ಬ್ರಾದೊಳಗೆ ಧೂಳು. ಮೂರು ವಾರ ಹಾಗೆ ಕಳೆಯಿತು. ಧೂಳಿದೆ ಎಂದು ಊಟದ ಕೋಣೆಗೆ ಬರಬೇಡ ಎಂದರು. ಹೊರಗೆ ಮರದ ಪ್ಯಾಲೆಟ್ ಮೇಲೆ ಕೂತು ಚಪಾತಿ ತಿಂದೆ. ಹೊರಗೆ ಕೂತು ತಿನ್ನುವುದು ಹೊಸದೇನಲ್ಲ. ಶಾಲೆಯಲ್ಲೂ ಕೂತಿದ್ದೆ.

ಶೆಡ್ಡಿನ ಸೂಪರ್‌ವೈಸರ್ ಆಲ್ರಾಯ್, ಮಂಗಳೂರಿನ ಕ್ಯಾಥೋಲಿಕ್, ಐವತ್ತರ ಮನುಷ್ಯ. ಕೆಟ್ಟವನಲ್ಲ. ಒಳ್ಳೆಯವನಾಗಲು ಅವನಿಗೆ ಬಿಡುವಿರಲಿಲ್ಲ. "ಮಾರಾಯ್ತಿ, ಮನೆಗೆ ಹೋಗುವ ಮುಂಚೆ ತಲೆ ತೊಳ್ಕೊ," ಎನ್ನುತ್ತಿದ್ದ. ತೊಳೆದುಕೊಳ್ಳಲು ಶೆಡ್ಡಿನಲ್ಲಿ ಒಂದು ನಲ್ಲಿಯಿತ್ತು. ತಣ್ಣೀರು.

ಒಂದು ಶುಕ್ರವಾರ ಟ್ಯಾಂಕಿನ ಒಳಗಿನ ಹಳೆಯ ಪೈಪುಗಳನ್ನು ಟ್ರಕ್ಕಿಗೆ ಹೇರಿ ನಾನೂ ಆಲ್ರಾಯೂ ಗುಜರಿ ಯಾರ್ಡಿಗೆ ಹೋದೆವು. ಗೇಟಿನ ಎರಡು ಕಂಬಗಳ ನಡುವೆ ಟ್ರಕ್ಕು ದಾಟಿತು. ಸೈರನ್ ಹೊಡೆದುಕೊಂಡಿತು. ಆಲ್ರಾಯ್ ಹಿಂದೆ ತೆಗೆದು ಮತ್ತೆ ದಾಟಿಸಿದ. ಮತ್ತೆ ಸೈರನ್.

ಯಾರ್ಡಿನವನು ಕೈಯಲ್ಲಿ ಹಿಡಿಯುವ ಮೀಟರ್ ತಂದ. ಪೈಪಿನ ಬಾಯಿಗೆ ಹಿಡಿದ. ಕಟಕಟ ಎನ್ನುತ್ತಿದ್ದದ್ದು ಒಂದೇ ಸಮನೆ ಕಿರುಗುಟ್ಟಿತು. "ರೇಡಿಯೋಆಕ್ಟಿವ್. ಇದನ್ನು ನಾವು ತಗೊಳಲ್ಲ," ಎಂದ. ಆಮೇಲೆ ನನ್ನ ಕಡೆ ನೋಡಿದ. ನನ್ನ ಓವರಾಲ್ ಮೇಲೆ ಕಂದು ಧೂಳಿತ್ತು. ಮೀಟರನ್ನು ಮಂಡಿಯ ಹತ್ತಿರ ತಂದ. ಅದು ಕಿರುಗುಟ್ಟಿತು. ಬೂಟಿನ ಹತ್ತಿರ ತಂದ. ಇನ್ನೂ ಜೋರು.

ಅವನು ಎರಡು ಹೆಜ್ಜೆ ಹಿಂದೆ ಸರಿದ.

ಸರಿಯಾಗಿ ಎರಡು. ಜನ ನನ್ನಿಂದ ಹಿಂದೆ ಸರಿಯುವುದನ್ನು ನಾನು ನಡೆಯಲು ಕಲಿತಾಗಿನಿಂದ ನೋಡಿದ್ದೇನೆ. ಎಷ್ಟು ಹೆಜ್ಜೆ ಎಂದು ಎಣಿಸುವುದು ಅಭ್ಯಾಸ. ಕಾರಣ ತೋರಿಸಿ ಸರಿದವನು ಇವನೊಬ್ಬನೇ. ಸಾರಿ ಎಂದೂ ಹೇಳಿದ. ಲೋಡನ್ನು ಯಾಕೆ ತಿರಸ್ಕರಿಸಿದ್ದೇವೆ ಎಂದು ಬರೆದು, ಮೀಟರಿನ ಅಂಕಿ ಹಾಕಿ, ಆಲ್ರಾಯ್ ಕೈಗೆ ಚೀಟಿ ಕೊಟ್ಟ.

ಟ್ರಕ್ಕಿನಲ್ಲಿ ಕೂತೇ ಸತ್ಯನಾರಾಯಣರಿಗೆ ಫೋನ್ ಮಾಡಿದೆ.

"ಅದಾ? ಅದು ನ್ಯಾಚುರಲ್ ಕಣಮ್ಮ," ಎಂದರು. ದನಿಯಲ್ಲಿ ಗಾಬರಿಯಿಲ್ಲ. ಅಂದರೆ ಹೊಸ ಸುದ್ದಿಯಲ್ಲ. "ಕಲ್ಲಲ್ಲಿ ಇರುತ್ತೆ, ನೀರಲ್ಲಿ ಬರುತ್ತೆ. ಬಾಳೆಹಣ್ಣಲ್ಲೂ ಇದೆ. ನೀನು ಕೆಮಿಸ್ಟ್, ನಿನಗೆ ಹೇಳ್ಬೇಕಾ?"

ಆರು ತಿಂಗಳಲ್ಲಿ ನಾನು ಕೆಮಿಸ್ಟ್ ಎಂಬುದು ಅವರಿಗೆ ನೆನಪಾದದ್ದು ಅದೇ ಮೊದಲು.

"ನೀರು ಟೆಸ್ಟ್ ಮಾಡಿಸೀರೇನ್ರಿ ಸರ್? ಟ್ಯಾಂಕಿಗೆ ಹತ್ತಿದ್ದು ಅಂದ್ರ ನೀರಿನ್ಯಾಗ ಇದ್ದದ್ದು. ಅದನ್ನ ಆ ಮಂದಿ ಕುಡಿದಾರ."

"ಲೋಡ್ ವಾಪಸ್ ತಗೊಂಡು ಬನ್ನಿ. ಸಣ್ಣ ಸಣ್ಣ ಪೀಸ್ ಮಾಡಿ ಬೇರೆ ಬೇರೆ ಯಾರ್ಡ್‌ಗೆ ಕಳಿಸೋಣ. ಆ ಚೀಟಿ ಬಿಸಾಕೋಕೆ ಹೇಳು ಆಲ್ರಾಯ್‌ಗೆ."

ಸೋಮವಾರ ಟ್ಯಾಂಕಿನ ಜೊತೆ ಬಂದಿದ್ದ ಫೋಲ್ಡರ್ ಬಿಚ್ಚಿ ಕೂತೆ. ಕಬ್ಬಿಣ ಎಷ್ಟು, ಉಪ್ಪು ಎಷ್ಟು, ರೋಗಾಣು ಎಷ್ಟು ಎಂದು ಪ್ರತಿ ತಿಂಗಳೂ ಅಳೆದಿದ್ದರು. ವಿಕಿರಣ ಅಳೆದದ್ದು ಒಂದೇ ಸಲ, ೨೦೧೧ರಲ್ಲಿ. ಲ್ಯಾಬು ಸ್ಪಷ್ಟವಾಗಿ ಬರೆದಿತ್ತು: ಮಿತಿಗಿಂತ ಹೆಚ್ಚು ಇದೆ, ರೇಡಿಯಂ ಮತ್ತು ಯುರೇನಿಯಂ ಬೇರೆ ಬೇರೆ ಅಳೆಯಬೇಕು. ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎರಡು ಸಾಲು. "ನೈಸರ್ಗಿಕ. ಕ್ರಮ ಬೇಕಿಲ್ಲ." ಕೆಳಗೆ ಎಸ್.ಎನ್. ಎಂಬ ಸಹಿ.

ಐದು ವರ್ಷ. ಮುನ್ನೂರು ಜನ. ಎರಡು ಸಾಲು ಪೆನ್ಸಿಲ್ಲು.

ರೇಡಿಯಂ ಸುಣ್ಣದ ಒಡಹುಟ್ಟಿನ ಹಾಗೆ. ಸುಣ್ಣ ಎಲ್ಲಿ ಕೂರುತ್ತದೋ ಅಲ್ಲಿ ತಾನೂ ಕೂರುತ್ತದೆ. ಪೈಪಿನಲ್ಲಿ, ಕೆಟಲ್‌ನಲ್ಲಿ, ಎಲುಬಿನಲ್ಲಿ. ಇದನ್ನು ನಾನು ಎಂ.ಎಸ್ಸಿ. ಮೊದಲ ವರ್ಷದಲ್ಲಿ ಓದಿ ಇಪ್ಪತ್ತಕ್ಕೆ ಹದಿನೆಂಟು ಅಂಕ ತೆಗೆದಿದ್ದೆ. ಹಾಳೆಯ ಫೋಟೋ ತೆಗೆದುಕೊಂಡೆ.

ಆ ವಾರವೇ ಸಿಡ್ನಿಗೆ ಬಾ ಎಂದು ಕರೆ ಬಂತು. ಅದೇ ಟ್ಯಾಂಕಿಗೆ ಒಳಗೆ ಬಣ್ಣ ಹೊಡೆದು ನೈನ್ ಮೈಲ್‌ಗೆ ವಾಪಸ್ ಕಳಿಸಬೇಕಿತ್ತು. ಒಳಗೆ ಅಪಾಯದ್ದು ಏನೂ ಇರಲಿಲ್ಲ, ಉಳಿದೂ ಇಲ್ಲ ಎಂದು ಒಳಗಿಳಿದವರೇ ಸಹಿ ಹಾಕಬೇಕೆಂಬುದು ನಿಯಮ. ನನ್ನ ಸಹಿಗೆ ಹೀಗೆ ಬೆಲೆ ಬಂತು.

ಮೀಟಿಂಗು ಸೋಮವಾರ. ಭಾನುವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಬಾ ಎಂದಿದ್ದರು ಸತ್ಯನಾರಾಯಣ. ಕೆಲ್ಲಿವಿಲ್‌ನಲ್ಲಿ ಹೊಸ ಮನೆ. ರಸ್ತೆಯಾಚೆ ಮೆಟ್ರೋದ ಕಂಬಗಳು ಏಳುತ್ತಿದ್ದವು. ಸತ್ಯನಾರಾಯಣರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಲವತ್ತು ಜನ, ರೇಷ್ಮೆ, ಡ್ರೈವ್‌ವೇ ತುಂಬ ಕಾರು. ಅವರ ಹೆಂಡತಿ ನಿಹಾರಿಕಾ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. ನನಗೆ ಕಾಗದದ ಕಪ್ಪು.

ಧೂಳಿನ ಕಾರಣಕ್ಕೋ, ಅಪ್ಪನ ಕೆಲಸದ ಕಾರಣಕ್ಕೋ ಗೊತ್ತಿಲ್ಲ. ಗಂಡ ಯಾವುದನ್ನು ಹೇಳಿದ್ದರೋ. ಎರಡನ್ನೂ ಹೇಳಿರಬಹುದು.

"ಆಂಟಿ, ನನಗೂ ಸ್ಟೀಲ್ ಲೋಟ ಕೊಡ್ರಿ," ಎಂದೆ.

"ಅಯ್ಯೋ, ಲೋಟ ಸಾಕಾಗ್ಲಿಲ್ಲಮ್ಮ," ಎಂದರು ನಿಹಾರಿಕಾ. ಅವರ ಹಿಂದೆ ಕೌಂಟರಿನ ಮೇಲೆ ಲೋಟಗಳು ಒಂದರ ಮೇಲೊಂದು ಬೋರಲು ಇದ್ದವು. ನಾನು ಅತ್ತ ನೋಡಿದೆ. ಅವರೂ ನೋಡಿದರು. ಆಮೇಲೆ ಪ್ರಸಾದ ಹಂಚಲು ಹೋದರು.

ಸತ್ಯನಾರಾಯಣ ಅತಿಥಿಗಳಿಗೆ ಅಡುಗೆಮನೆ ತೋರಿಸುತ್ತಿದ್ದರು. ಸಿಂಕಿನ ಕೆಳಗಿನ ಬಾಗಿಲು ತೆಗೆದರು. ಒಳಗೆ ಮೂರು ಬಿಳಿ ಸಿಲಿಂಡರು, ನೀಲಿ ಪೈಪು.

"ಮೂರು ಸ್ಟೇಜ್ ಫಿಲ್ಟರ್. ಸಿಡ್ನಿ ನೀರು ಚೆನ್ನಾಗೇ ಇದೆ. ಆದ್ರೂ ರಿಸ್ಕ್ ಯಾಕೆ ಹೇಳಿ. ಮಕ್ಕಳಿರೋ ಮನೆ."

ಎಲ್ಲರೂ ತಲೆಯಾಡಿಸಿದರು. ನಾನು ಕಪ್ಪನ್ನು ಅದೇ ಸಿಂಕಿನ ಪಕ್ಕದಲ್ಲಿಟ್ಟು ಊಟ ಮಾಡದೆ ಬಸ್ ಹತ್ತಿದೆ.

ಮರುದಿನ ಚಾಟ್ಸ್‌ವುಡ್. ಹನ್ನೊಂದನೇ ಮಹಡಿಯ ಕೋಣೆಯಲ್ಲಿ ನಾಲ್ಕು ಜನ. ಸತ್ಯನಾರಾಯಣ, ಲ್ಯಾಪ್‌ಟಾಪ್‌ನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಎಚ್‌ಆರ್‌ನ ಬಿಳಿ ಹುಡುಗಿ, ನಾನು, ನೈನ್ ಮೈಲ್‌ನಿಂದ ಬಂದಿದ್ದ ಮಾರ್ಲೀನ್. ಅರವತ್ತರ ಹತ್ತಿರದ ಹೆಂಗಸು, ಊರಿನ ಕ್ಲಿನಿಕ್‌ನಲ್ಲಿ ಕೆಲಸ. ಊರೆಲ್ಲ ಆಕೆಯನ್ನು ಆಂಟಿ ಮಾರ್ಲೀನ್ ಎನ್ನುತ್ತದಂತೆ. ಎರಡು ದಿನ ಬಸ್ಸಿನಲ್ಲಿ ಬಂದಿದ್ದರು. ಪಾದ ಊದಿತ್ತು, ಚಪ್ಪಲಿ ಬಿಚ್ಚಿ ಮೇಜಿನ ಕೆಳಗೆ ಇಟ್ಟಿದ್ದರು.

ಸತ್ಯನಾರಾಯಣ ಇಂಗ್ಲಿಷಿನಲ್ಲಿ ಶುರು ಮಾಡಿದರು. "ಇವಳು ಜಲಜಾ, ನಮ್ಮ ಕೆಮಿಸ್ಟ್. ಮೂರು ವಾರ ನಿಮ್ಮ ಟ್ಯಾಂಕಿನ ಒಳಗೇ ಇದ್ದಳು. ನೋಡಿ, ಎಷ್ಟು ಆರೋಗ್ಯವಾಗಿದ್ದಾಳೆ."

ಆಗ ತಿಳಿಯಿತು. ನನ್ನನ್ನು ಕರೆಸಿದ್ದು ಸಹಿಗಷ್ಟೇ ಅಲ್ಲ. ಪ್ರದರ್ಶನಕ್ಕೆ. ಸಂತೆಯಲ್ಲಿ ಎಮ್ಮೆಯ ಹಲ್ಲು ತೋರಿಸುವ ಹಾಗೆ.

ಆಂಟಿ ಮಾರ್ಲೀನ್ ನನ್ನನ್ನು ನೋಡಿದರು. ಆಮೇಲೆ ಸತ್ಯನಾರಾಯಣರ ಕಡೆ ತಿರುಗಿದರು.

"ಐದು ವರ್ಷದಿಂದ ನೀರು ಟೆಸ್ಟ್ ಮಾಡಿ ಅಂತ ಕೇಳ್ತಿದ್ದೀನಿ. ರುಚಿಯ ಸಮಸ್ಯೆ ಅಷ್ಟೇ ಅಂತ ನೀವು ಕಾಗದ ಬರೆದ್ರಿ. ರುಚಿಯ ಸಮಸ್ಯೆ ಆದ್ರೆ ಟೀಚರ್‌ಗಳ ಕ್ವಾರ್ಟರ್ಸ್‌ಗೆ, ನರ್ಸ್‌ಗಳ ಕ್ವಾರ್ಟರ್ಸ್‌ಗೆ ಯಾಕೆ ಬಾಟಲ್ ನೀರು ಕಳಿಸ್ತೀರಿ? ಅವರ ನಾಲಿಗೆ ಬೇರೆನಾ?"

"ಅದು ಸ್ಟಾಫ್ ಪಾಲಿಸಿ," ಎಂದರು ಸತ್ಯನಾರಾಯಣ.

"ನನ್ನ ಕ್ಲಿನಿಕ್‌ನಲ್ಲಿ ಕಿಡ್ನಿ ಹೋದವರು ಹತ್ತೊಂಬತ್ತು ಜನ. ಅದು ನೀರಿಂದಲೇ ಅಂತ ನಾನು ಹೇಳ್ತಿಲ್ಲ. ಅಳೆದು ನೋಡಿ ಅಂತ ಕೇಳ್ತಿದ್ದೀನಿ. ಅಳೆಯೋಕೆ ನಿಮಗೇನು ಕಷ್ಟ?"

"ಅಳೆಯುವಂಥದ್ದು ಏನೂ ಇಲ್ಲ. ಜಲಜಾ ಅದಕ್ಕೇ ಬಂದಿರೋದು," ಎಂದು ಸತ್ಯನಾರಾಯಣ ಕಾಗದವನ್ನು ನನ್ನ ಮುಂದೆ ಸರಿಸಿದರು. ಪೆನ್ನನ್ನು ಅದರ ಮೇಲಿಟ್ಟರು.

ನಾನು ಪೆನ್ ಎತ್ತಿ ಮೇಜಿನ ಆಚೆ ಇಟ್ಟೆ.

"ನಾನು ಸಹಿ ಮಾಡಲ್ಲ," ಎಂದೆ, ಇಂಗ್ಲಿಷಿನಲ್ಲಿ.

ಎಚ್‌ಆರ್ ಹುಡುಗಿ ಟೈಪ್ ಮಾಡಿಕೊಂಡಳು. ಸತ್ಯನಾರಾಯಣ ನಕ್ಕರು. ನಗುತ್ತಲೇ ಕನ್ನಡಕ್ಕೆ ಬದಲಾಯಿಸಿದರು. ಮಾತಿನ ಧಾಟಿ ಹವಾಮಾನ ವಿಚಾರಿಸಿದ ಹಾಗಿತ್ತು.

"ಜಲಜಾ, ನಗ್ತಾ ನಗ್ತಾ ಸೈನ್ ಮಾಡು. ನಿನ್ನ ವೀಸಾ ನನ್ನ ಕೈಲಿದೆ. ಇಲ್ಲಾಂದ್ರೆ ಊರಿಗೆ ಹೋಗಿ ನಿಮ್ಮಪ್ಪನ ಕೆಲಸಾನೇ ಮಾಡ್ಬೇಕಾಗುತ್ತೆ. ಈ ಕಾಡುಜನಕ್ಕೆ ನೀನ್ಯಾಕೆ ಲಾಯರ್ ಆಗ್ತೀಯ? ಇವರು ಏನ್ ಕುಡಿದ್ರೂ ಬದುಕ್ತಾರೆ, ನಿಮ್ಮೋರ ಥರ."

ಈ ಮನುಷ್ಯ ಕನ್ನಡವನ್ನು ಎಲ್ಲಿ ಇಟ್ಟುಕೊಂಡಿದ್ದಾನೆ ಎಂದು ಯೋಚಿಸಿದೆ. ಕನ್ನಡದ ಸಭೆಗಳಲ್ಲಿ ಮೈಕಿನ ಮುಂದೆ ತಾಯಿಯ ಭಾಷೆ. ಇಲ್ಲಿ ಉಳಿದವರಿಗೆ ತಿಳಿಯದ ಹಾಗೆ ಕೊರಳು ಹಿಸುಕುವ ಭಾಷೆ.

"ಮಿಸ್ಟರ್ ಸತ್ಯನಾರಾಯಣ ಈಗ ಒಂದು ಮಾತು ಹೇಳಿದರು," ಎಂದೆ ಇಂಗ್ಲಿಷಿನಲ್ಲಿ. "ಅದನ್ನು ನಿಮಗೂ ಹೇಳಬೇಕು."

"ಜಲಜಾ," ಎಂದರು ಅವರು.

ಒಂದೊಂದೇ ವಾಕ್ಯ ತೆಗೆದುಕೊಂಡೆ. ನಗುತ್ತ ಸಹಿ ಮಾಡು ಎಂದದ್ದು. ವೀಸಾ ಕೈಲಿದೆ ಎಂದದ್ದು. ಅಪ್ಪನ ಕೆಲಸ ಎಂದದ್ದು, ಅಪ್ಪನ ಕೆಲಸ ಏನು ಎಂಬುದು. ಕಾಡುಜನ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಮೆತ್ತನೆಯ ಪದವೂ ಇದೆ, ಗಟ್ಟಿಯದೂ ಇದೆ. ಅವರ ಬಾಯಲ್ಲಿದ್ದದ್ದು ಗಟ್ಟಿಯದು. ಅದನ್ನೇ ಹೇಳಿದೆ. ಏನು ಕುಡಿದರೂ ಬದುಕುತ್ತಾರೆ ಎಂದದ್ದನ್ನು ಎರಡು ಸಲ ಹೇಳಿದೆ. ಎಚ್‌ಆರ್ ಹುಡುಗಿಯ ಬೆರಳು ನಿಂತಿತ್ತು.

"ಟೈಪ್ ಮಾಡ್ಕೊ," ಎಂದರು ಆಂಟಿ ಮಾರ್ಲೀನ್ ಅವಳಿಗೆ. "ಇಷ್ಟೊತ್ತು ಮಾಡ್ಕೊಳ್ತಿದ್ದೆಯಲ್ಲ."

ನಾನು ಫೋನ್ ತೆಗೆದು ೨೦೧೧ರ ಹಾಳೆ ತೋರಿಸಿದೆ. ಪೆನ್ಸಿಲ್ ಸಾಲುಗಳನ್ನು ಓದಿದೆ. ಗುಜರಿ ಗೇಟಿನ ಸೈರನ್ ಬಗ್ಗೆ ಹೇಳಿದೆ. ಆಂಟಿ ಮಾರ್ಲೀನ್ ಕನ್ನಡಕ ಹಾಕಿಕೊಂಡು ಆ ಎರಡು ಸಾಲನ್ನು ತಾವೇ ಓದಿದರು, ತುಟಿ ಅಲ್ಲಾಡಿಸುತ್ತ. ಬೈಯಲಿಲ್ಲ, ಅಳಲಿಲ್ಲ. "ನನಗೆ ಕಳಿಸು," ಎಂದು ಫೋನ್ ನಂಬರು ಹೇಳಿದರು. ಕಳಿಸಿದೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರಿಗೆ ಆಗಲಿಲ್ಲ. ನಾನು ಕೂತು ಹಾಕಿದೆ. ಇಬ್ಬರೂ ಲಿಫ್ಟಿನಲ್ಲಿ ಕೆಳಗಿಳಿದೆವು.

ಮೂರನೇ ದಿನಕ್ಕೆ ನನ್ನ ಕೆಲಸ ಹೋಯಿತು. ಕಾರಣ, ಗೌಪ್ಯ ದಾಖಲೆಯ ದುರ್ಬಳಕೆ. ವೀಸಾಕ್ಕೆ ಹೊಸ ಸ್ಪಾನ್ಸರ್ ಕಂಪನಿ ಹುಡುಕಿಕೊಳ್ಳಲು ತೊಂಬತ್ತು ದಿನ. ಸಿಗದಿದ್ದರೆ ದೇಶ ಬಿಡಬೇಕು.

ಶೆಡ್ಡಿಗೆ ಸಾಮಾನು ತರಲು ಹೋದೆ. ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಓವರಾಲು, ಬೂಟು ಕಟ್ಟಿಟ್ಟಿದ್ದರು. ಸ್ವಂತ ವಸ್ತು, ನೀನೇ ತೆಗೆದುಕೊಂಡು ಹೋಗು ಎಂದರು. ಎಸೆಯಲು ಯಾವ ತೊಟ್ಟಿಯೂ ಒಪ್ಪುವುದಿಲ್ಲ, ಅದಕ್ಕೆ. ಚೀಲವನ್ನು ರಿಸೆಪ್ಷನ್‌ನ ಸೋಫಾದ ಮೇಲೆ ಕೂರಿಸಿ ಬಂದೆ. ಯಾರಾದರೂ ಎತ್ತಿಟ್ಟರೋ, ಸೋಫಾ ಸಮೇತ ಕೋಣೆ ಮುಚ್ಚಿದರೋ ಗೊತ್ತಿಲ್ಲ.

ಗೇಟಿನ ತನಕ ಆಲ್ರಾಯ್ ಬಂದ.

"ನೀನು ಅಲ್ಲಿ ಇದ್ದೆಯಲ್ಲ. ಸೈರನ್ ಕೇಳಿದ್ದು ಬರೆದುಕೊಡ್ತೀಯೇನು?" ಎಂದು ಕೇಳಿದೆ.

"ನನಗೆ ಮನೆಯ ಮಾರ್ಟ್‌ಗೇಜ್ ಸಾಲ ಉಂಟು ಮಾರಾಯ್ತಿ. ಇಬ್ಬರು ಮಕ್ಕಳು ಯೂನಿವರ್ಸಿಟಿಯಲ್ಲಿ." ನೆಲ ನೋಡುತ್ತ ಹೇಳಿದ. "ನೀನು ಒಬ್ಬಳೇ. ನಿನಗೆ ಆಗ್ತದೆ."

ಒಬ್ಬಳಾದರೆ ಆಗುತ್ತದಂತೆ. ಹತ್ತು ದಿನದ ಮೇಲೆ ಪೋಸ್ಟಿನಲ್ಲಿ ಒಂದು ಲಕೋಟೆ ಬಂತು. ಕಾಗದವಿಲ್ಲ, ಹೆಸರಿಲ್ಲ. ಒಳಗೆ ಗುಜರಿ ಯಾರ್ಡಿನ ಚೀಟಿ. ಅವನು ಬಿಸಾಕಿರಲಿಲ್ಲ.

ಆಂಟಿ ಮಾರ್ಲೀನ್ ಸುಮ್ಮನೆ ಕೂರುವವರಾಗಿರಲಿಲ್ಲ. ಹಾಳೆ ಪತ್ರಿಕೆಗೆ ಹೋಯಿತು, ಮಂತ್ರಿಯ ಕಚೇರಿಗೆ ಹೋಯಿತು. ಕೊನೆಗೆ ನೀರು ಅಳೆದರು. ರೇಡಿಯಂ ಮಿತಿಯ ಮೂರು ಪಟ್ಟು. ನೈನ್ ಮೈಲ್‌ನ ಎಲ್ಲ ಮನೆಗೂ ಬಾಟಲ್ ನೀರು ಬರತೊಡಗಿತು. ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಅದರಲ್ಲಿ ನೈಸರ್ಗಿಕ ಎಂಬ ಪದ ಒಂಬತ್ತು ಸಲ ಇತ್ತು, ಕ್ಷಮೆ ಎಂಬ ಪದ ಇರಲಿಲ್ಲ. ಸತ್ಯನಾರಾಯಣರನ್ನು ಆ ಹುದ್ದೆಯಿಂದ ತೆಗೆದು ಪರಿಸರ ವಿಭಾಗಕ್ಕೆ ಹಾಕಿದರು. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಅವರಿಗೆ ಶಾಲು ಹೊದಿಸಿದ ಫೋಟೋ ನೋಡಿದೆ. ಪೇಟವೂ ಇತ್ತು.

ಮೂತ್ರ, ರಕ್ತ ಪರೀಕ್ಷೆ ಮಾಡಿಸಿಕೊಂಡೆ. ನಾರ್ಮಲ್ ಬಂತು. ಎಲುಬಿನಲ್ಲಿ ಕೂತದ್ದು ಅದರಲ್ಲಿ ಸುಲಭಕ್ಕೆ ಸಿಗುವುದಿಲ್ಲ ಎಂದರು ಡಾಕ್ಟರು. ಊರಿಂದ ಅವ್ವ ರುದ್ರವ್ವ ಫೋನ್ ಮಾಡಿ, "ಹುಷಾರದಿಯೇನ?" ಎಂದಾಗ ಹೌದು ಎಂದೆ. ಎಪ್ಪತ್ತೇಳನೇ ದಿನಕ್ಕೆ ಮಣ್ಣು ಪರೀಕ್ಷಿಸುವ ಸಣ್ಣ ಲ್ಯಾಬೊಂದು ನನ್ನನ್ನು ತೆಗೆದುಕೊಂಡಿತು. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸಲು, ಬೇಕಾದ ವರ್ಷಗಳ ಲೆಕ್ಕ ಮತ್ತೆ ಮೊದಲಿನಿಂದ.

ಆ ವರ್ಷದ ಕೊನೆಗೆ ಸರ್ಕಾರದ ತನಿಖಾಧಿಕಾರಿಯೊಬ್ಬರು ಮೆಲ್ಬರ್ನ್‌ನ ಕಚೇರಿಗೆ ಕರೆಸಿ ಹೇಳಿಕೆ ತೆಗೆದುಕೊಂಡರು. ಸಭ್ಯ ಮನುಷ್ಯ. ಎರಡು ಗಂಟೆ ಕೇಳಿ ಬರೆದುಕೊಂಡರು. ಚೀಟಿಯನ್ನು ಕವರಿಗೆ ಹಾಕಿಕೊಂಡರು. ಕೊನೆಗೆ ಫಾರಂನ ಒಂದು ಖಾನೆ ಉಳಿದಿತ್ತು.

"ನೀವು ಆ ಊರಿನವರಲ್ಲ. ಅಲ್ಲಿಗೆ ಹೋಗಿಯೂ ಇಲ್ಲ," ಎಂದರು. "ನಿಮಗೂ ನೈನ್ ಮೈಲ್‌ಗೂ ಏನು ಸಂಬಂಧ ಅಂತ ಬರೆಯಲಿ?"

"ಅವರು ಕುಡಿದದ್ದನ್ನು ನಾನು ಕೆರೆದೆ," ಎಂದೆ. "ಅದನ್ನೇ ಬರೀರಿ."

ಅವರು ಬರೆದರು. ನಾನು ಓದಿ ನೋಡಿದೆ. ಹೇಳಿದಂತೆಯೇ ಇತ್ತು. ಸಹಿ ಮಾಡಿದೆ.